ಮಧ್ಯಾಹ್ನಕ್ಕೇ ಬರಿದಾಗುವ ಟಾಕಿ

ದಾಂಡೇಲಿಯ ತನ್ನ ಮರದ ಡಿಪೋದ ಹಿಂದಿದ್ದ ಬಂಗಲೆಯನ್ನು ಶೇಖಪ್ಪ ಕೊಂಡದ್ದು ಬೇರೆ ಯಾವ ಆಸೆಗೂ ಅಲ್ಲ, ಅದರೊಳಗಿದ್ದ ಪಾಯಖಾನೆಗಾಗಿ. ಹಳಿಯಾಳದ ಮನೆಯಲ್ಲಿ ಅವನ ತಾಯಿ ಶಿವಗಂಗವ್ವ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಎಲುಬೇನೋ ಕೂಡಿತು, ಆದರೆ ಕುಕ್ಕರುಗಾಲಿನಲ್ಲಿ ಕೂರುವುದು ಆ ಜನ್ಮಕ್ಕೆ ಮುಗಿಯಿತು. ಬಂಗಲೆ ಕಟ್ಟಿಸಿದ್ದ ಇಂಗ್ಲಿಷ್ ಸಾಹೇಬ ಮಹಾಯುದ್ಧ ಶುರುವಾದಾಗ ಊರು ಬಿಟ್ಟಿದ್ದ. ಅವನ ಪಾಯಖಾನೆಯಲ್ಲಿ ಕುರ್ಚಿಯಂತೆ ಕೂರುವ ಪಿಂಗಾಣಿಯ ಪೀಠವಿತ್ತು. ಅದರ ಮೇಲೆ, ಗೋಡೆಯ ಎತ್ತರದಲ್ಲಿ, ಕಬ್ಬಿಣದ ಸಣ್ಣ ನೀರಿನ ಟಾಕಿ. ಅದರಿಂದ ಇಳಿಬಿದ್ದ ಸರಪಳಿಯನ್ನು ಎಳೆದರೆ ನೀರು ಭೋರೆಂದು ಇಳಿದು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತಿತ್ತು.

ಆ ನೀರು ಬರುತ್ತಿದ್ದದ್ದು ಹಿತ್ತಲ ಕಲ್ಲುಕಟ್ಟೆಯ ಮೇಲಿನ ದೊಡ್ಡ ಟಾಕಿಯಿಂದ. ದೊಡ್ಡ ಟಾಕಿಗೆ ಬಾವಿಯ ನೀರನ್ನು ಕೈಪಂಪಿನಿಂದ ಒತ್ತಿ ಏರಿಸುತ್ತಿದ್ದವಳು ಅಗ್ನೆಸ್. ಹಳಿಯಾಳದ ಕಡೆಯ ಕಾಡಂಚಿನ ಕೇರಿಯ ಸಿದ್ದಿ ಹೆಂಗಸು. ಗಂಡ ಇನಾಸ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ. ದಿನಾ ಬೆಳಿಗ್ಗೆ ಅವಳು ಪಂಪಿನ ಹಿಡಿಯನ್ನು ನಾನೂರು ಸಲ ಒತ್ತಿದರೆ ಟಾಕಿ ತುಂಬುತ್ತಿತ್ತು, ತುಂಬಿದ್ದು ಮರುದಿನದವರೆಗೆ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅದು ಬರದಾಯಿತು. ಬೆಳಿಗ್ಗೆ ತುಂಬಿದ ಟಾಕಿ ಮಧ್ಯಾಹ್ನಕ್ಕೆ ಬರಿದು. ಒಂದು ಸೋಮವಾರ ಶೇಖಪ್ಪ ಸರಪಳಿ ಎಳೆದಾಗ ಬರೀ ಕಟಕಟ ಸದ್ದು ಬಂತು. ಅವನು ಅಂಗಳಕ್ಕೆ ಬಂದವನೇ, ಬೇಲಿಯಾಚೆ ಉಣ್ಣುತ್ತ ಕೂತಿದ್ದ ಡಿಪೋದ ಮಂದಿಗೆಲ್ಲ ಕೇಳುವಂತೆ ಕೂಗಿದ.

"ಅರ್ಧಾ ಟಾಕಿ ತುಂಬಿಸಿ ಪೂರಾ ತುಂಬೈತಿ ಅಂತ ಹೇಳ್ತೀಯೇನ? ಕೆಲಸಗಳ್ಳಿ!"

"ಇಲ್ರಿ ಧಣ್ಯಾರ. ನಾನೂರು ಸಲ ಒತ್ತೇನ್ರಿ. ಎಣಿಸೇ ಒತ್ತೇನಿ."

"ಹಂಗಾದ್ರ ನೀರು ಎಲ್ಲಿ ಹೋತು? ಹಾರಿ ಹೋತೇನ? ನಾ ಹಳಿಯಾಳಕ್ಕ ಹೊಂಟೇನಿ, ಗುರುವಾರ ಬರ್ತೇನಿ. ಬರಾಕತ್ತಾಗ ಬ್ಯಾರೆ ಆಳು ಕರ್ಕೊಂಡ ಬರ್ತೇನಿ. ಅವನ ಕೈಲೂ ನೀರು ನಿಲ್ಲಲಿಲ್ಲಾ ಅಂದ್ರ ಆ ಸಂಡಾಸಕ್ಕ ಕೀಲಿ ಹಾಕಿ, ಅವ್ವಗ ಬಕೀಟು ಇಡಸ್ತೇನಿ."

ಬೇಲಿಯಾಚೆ ಇನಾಸ ರೊಟ್ಟಿಯ ತುತ್ತನ್ನು ಕೈಯಲ್ಲೇ ಹಿಡಿದು ತಲೆ ತಗ್ಗಿಸಿದ್ದನ್ನು ಅಗ್ನೆಸ್ ನೋಡಿದಳು. ಅವಳಿಗೆ ಅಳು ಬರಲಿಲ್ಲ. ನಾನೂರು ಸಲ ಒತ್ತಿದ ನೀರು ಎಲ್ಲಿಗೋ ಹೋಗುತ್ತಿದೆ, ಅದು ಎಲ್ಲಿಗೆ ಎಂದು ಗೊತ್ತಾಗುವವರೆಗೆ ಈ ಮನೆ ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದಳು.

ಸಂಜೆ ಶಿವಗಂಗವ್ವನ ಕೋಣೆಗೆ ಹೋದಾಗ ತಂಬಿಗೆಯ ನೀರು ಇಟ್ಟಂತೆಯೇ ಇತ್ತು.

"ಯಾಕ್ರಿ ಅವ್ವಾರ, ನೀರ ಕುಡಿದಿಲ್ಲ?"

"ಕುಡಿದ್ರ ಹೋಗಬೇಕಾಗ್ತೈತಲ್ಲ. ಬಕೀಟಿನ ಮ್ಯಾಲೆ ಕುಂತು, ಅದನ್ನ ಇನ್ನೊಬ್ರು ಎತ್ತೂದನ್ನ ನೋಡೂದಕಿಂತ ಗಂಟಲಾ ಒಣಗಿಸಿಕೊಳ್ಳೂದ ಚಲೋ." ಮುದುಕಿ ಗೋಡೆಯ ಕಡೆ ಮುಖ ಮಾಡಿದಳು. ಹಾಗೆಯೇ, "ಆ ಸಂಡಾಸದಾಗ ಕುಂತಾಗ ಯಾರೋ ಪಿಸುಗುಟ್ಟಿದಂಗ ಸಪ್ಪಳಾ ಬರ್ತೈತಿ ನೋಡು. ಮೊದಲ ಬರ್ತಿದ್ದಿಲ್ಲ" ಎಂದಳು.

ಅಗ್ನೆಸ್ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಮಂಗಳವಾರ ಟಾಕಿ ತುಂಬಿಸಿದವಳೇ ಮೊದಲು ಕಲ್ಲುಕಟ್ಟೆಯ ಸುತ್ತ ಬಾಗಿ ನೋಡಿದಳು. ದೊಡ್ಡ ಟಾಕಿಯ ಅಡಿಗೆ ಅಂಗೈ ಸವರಿದಳು, ಒಣಗಿತ್ತು. ಕೊಳವೆಯುದ್ದಕ್ಕೂ ಬೆರಳಾಡಿಸಿದಳು, ಹನಿಯಿಲ್ಲ. ಪಾಯಖಾನೆಯ ನೆಲವೂ ಒಣಗಿತ್ತು. ಪೀಠದ ಹತ್ತಿರ ಕಿವಿಯಿಟ್ಟಾಗ ಮುದುಕಿ ಹೇಳಿದ ಸದ್ದು ಕೇಳಿತು, ಆದರೆ ಬಿಳಿಯ ಪಿಂಗಾಣಿಯ ಮೇಲೆ ನೀರು ಹರಿಯುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣದು.

"ಅವ್ವಾರ, ಬಟ್ಟಿಗೆ ಹಾಕೂ ನೀಲಿ ಸ್ವಲ್ಪ ಕೊಡ್ರಿ."

"ಏನ್ ಮಾಡ್ತಿ?"

"ನೀರಿಗೆ ಬಣ್ಣಾ ಹಚ್ತೇನ್ರಿ. ಎಲ್ಲಿ ಹೊಕ್ಕೈತಿ ಅಂತ ಅದ ತೋರಸ್ತೈತಿ."

ಮುದುಕಿ ನೀಲಿಯ ಗಂಟನ್ನು ಕೊಟ್ಟು ಸುಮ್ಮನಾಗಲಿಲ್ಲ. ಕೋಲೂರಿಕೊಂಡು ತಾನೂ ಬಂದಳು. ಏಣಿ ಅಲುಗಾಡುತ್ತಿತ್ತು. ಶಿವಗಂಗವ್ವ ಪೀಠದ ಮುಚ್ಚಳ ಇಳಿಸಿ ಅದರ ಮೇಲೆ ಕೂತು, ಏಣಿಯ ಕಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. "ಹತ್ತು. ನಾ ಬಿಡೂದಿಲ್ಲ."

ಅಗ್ನೆಸ್ ಮೇಲೇರಿ, ಸಣ್ಣ ಟಾಕಿಯ ಮುಚ್ಚಳ ಸರಿಸಿ, ಅದರ ನೀರಿಗೆ ನೀಲಿ ಕದಡಿದಳು. ಇಳಿದು, ಪೀಠದ ಮುಚ್ಚಳ ಎತ್ತಿ, ಇಬ್ಬರೂ ಒಳಗೆ ನೋಡುತ್ತ ನಿಂತರು. ಸರಪಳಿ ಯಾರೂ ಮುಟ್ಟಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಬಿಳಿಯ ಪಿಂಗಾಣಿಯ ಮೇಲೆ ನೀಲಿಯ ಎಳೆಯೊಂದು ಇಳಿಯಿತು. ಅದರ ಹಿಂದೆ ಇನ್ನೊಂದು.

"ಸಿಕ್ತು!" ಎಂದಳು ಮುದುಕಿ, ಕಳ್ಳನನ್ನು ಹಿಡಿದವಳಂತೆ.

ಅಗ್ನೆಸ್ ಮತ್ತೆ ಏಣಿ ಹತ್ತಿ ಟಾಕಿಯೊಳಗೆ ಬಹಳ ಹೊತ್ತು ನೋಡಿದಳು. ಒಳಗೆ ನೀರು ಬರುವ ನಲ್ಲಿ, ನಲ್ಲಿಗೆ ಜೋಡಿಸಿದ ಒಂದು ಸರಳು, ಸರಳಿನ ತುದಿಗೆ ತಾಮ್ರದ ಚೆಂಡು. ನೀರು ಏರಿದಂತೆ ಚೆಂಡು ತೇಲಿ ಮೇಲೇಳಬೇಕು, ಸರಳು ನಲ್ಲಿಯ ಬಾಯಿ ಮುಚ್ಚಬೇಕು. ಆದರೆ ನಲ್ಲಿ ಸಣ್ಣಗೆ ಹರಿಯುತ್ತಲೇ ಇತ್ತು. ಹೆಚ್ಚಾದ ನೀರು ನಡುವಿನ ಕೊಳವೆಯ ಬಾಯಿ ಮೀರಿ ಪಿಸುಗುಡುತ್ತ ಪೀಠಕ್ಕೆ ಇಳಿಯುತ್ತಿತ್ತು.

ಮಧ್ಯಾಹ್ನ ನೀರು ಖಾಲಿಯಾಗುವುದನ್ನೇ ಕಾದು ಅವಳು ನಲ್ಲಿಯನ್ನು ಬಿಚ್ಚಿದಳು. ಬಾಯಿ ಮುಚ್ಚುವ ಚರ್ಮದ ಬಿಲ್ಲೆ ಸವೆದು ಗಟ್ಟಿಯಾಗಿತ್ತು. ಇದೇ ರೋಗ ಅಂದುಕೊಂಡಳು. ಗಾಡಿಮನೆಯಲ್ಲಿ ತೂಗುಬಿದ್ದಿದ್ದ ಎತ್ತಿನ ಹಳೆಯ ಕೊರಳಪಟ್ಟಿಯಿಂದ ಅದೇ ಅಳತೆಯ ಬಿಲ್ಲೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ, ಕೂಡಿಸಿದಳು.

ಬುಧವಾರ ಬೆಳಿಗ್ಗೆ ಮತ್ತೆ ನಾನೂರು ಸಲ ಒತ್ತಿದಳು. ಪಿಸುಗುಟ್ಟುವ ಸದ್ದು ತಗ್ಗಿತ್ತು, ನಿಂತಿರಲಿಲ್ಲ.

"ಇರ್ಲಿ ಬಿಡ ಮಗಳ," ಎಂದಳು ಶಿವಗಂಗವ್ವ. "ಸಾಹೇಬರ ಸಾಮಾನು. ನಮಗ ತಿಳಿಯೂವಂಥಾದ್ದಲ್ಲ."

"ಸಾಹೇಬರದಾದ್ರೂ ನೀರು ನಾ ಒತ್ತಿದ್ದಲ್ರಿ," ಎನ್ನುತ್ತ ಅಗ್ನೆಸ್ ಮತ್ತೆ ಏಣಿ ಹತ್ತಿದಳು.

ಈ ಸಲ ಅವಳು ಏನನ್ನೂ ಬಿಚ್ಚಲಿಲ್ಲ. ಒಂದು ಬೆರಳಿನಿಂದ ಸರಳನ್ನು ಮೇಲಕ್ಕೆ ಎತ್ತಿದಳು. ನೀರು ಪೂರ್ತಿ ನಿಂತಿತು. ಬೆರಳು ತೆಗೆದಳು, ಮತ್ತೆ ಹರಿಯಿತು. ಮತ್ತೆ ಎತ್ತಿದಳು, ನಿಂತಿತು. ಅಂದರೆ ಬಿಲ್ಲೆ ಸರಿಯಾಗಿಯೇ ಇದೆ. ಎತ್ತಿ ಹಿಡಿಯಬೇಕಾದದ್ದೇ ಎತ್ತಿ ಹಿಡಿಯುತ್ತಿಲ್ಲ. ಚೆಂಡನ್ನು ನೋಡಿದಳು. ಅದು ತೇಲುತ್ತಿರಲಿಲ್ಲ, ತುಂಬಿದ ಕೊಡದ ಹಾಗೆ ಮುಕ್ಕಾಲು ಮುಳುಗಿತ್ತು.

ಮಧ್ಯಾಹ್ನ ಚೆಂಡನ್ನು ಬಿಚ್ಚಿ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ಗುಳುಗುಳು ನೀರು.

ತೂತು ಮಾತ್ರ ಎಲ್ಲಿಯೂ ಕಾಣಲಿಲ್ಲ. ಅಗ್ನೆಸ್ ಒಲೆಯ ಮೇಲೆ ನೀರು ಕಾಯಿಸಿ, ಚೆಂಡನ್ನು ಅದರಲ್ಲಿ ಮುಳುಗಿಸಿ, ಮೆಲ್ಲಗೆ ತಿರುಗಿಸಿದಳು. ಎರಡು ಅರ್ಧಗಳು ಕೂಡುವ ಬೆಸುಗೆಯ ಗೆರೆಯ ಒಂದು ಕಡೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಒಳಗಿನ ನೀರನ್ನು ತೆಗೆಯುವುದೇ ದೊಡ್ಡ ಕೆಲಸವಾಯಿತು. ತೂತಿನ ಬದಿಯನ್ನು ಕೆಳಗೆ ಮಾಡಿ ಹಿಡಿದು ಮೇಲೆ ಬಿಸಿನೀರು ಸುರಿದರೆ ನಾಲ್ಕು ಹನಿ ಹೊರಬರುತ್ತಿತ್ತು. ತಣ್ಣಗಾಗಲು ಬಿಟ್ಟು ಮತ್ತೆ ಸುರಿದರೆ ಮತ್ತೆ ನಾಲ್ಕು ಹನಿ. ಹಾಗೆ ಎಷ್ಟು ಸಲ ಮಾಡಿದಳೋ, ಬೆರಳುಗಳು ಬೆಂದು ಕೆಂಪಾದವು. ಕೊನೆಗೆ ಚೆಂಡು ಅಲುಗಿಸಿದರೆ ಮೌನವಾಗಿತ್ತು.

ಬೆಸುಗೆ ಹಾಕಲು ಕಲಾಯಿಯವನು ಬೇಕು. ಯುದ್ಧದ ಕಾಲ, ತವರ ಸಿಗುತ್ತಿಲ್ಲವೆಂದು ಅವನು ಈ ಕಡೆ ಬಂದೇ ಆರು ತಿಂಗಳಾಗಿತ್ತು. ಅಗ್ನೆಸ್ ಡಿಪೋದ ಬಳಿಯ ತನ್ನ ಗುಡಿಸಲಿಗೆ ಓಡಿ, ಇನಾಸ ಕಾಡಿನಿಂದ ತಂದಿಟ್ಟಿದ್ದ ಜೇನುಮೇಣವನ್ನೂ ಮರದ ಅಂಟಾದ ರಾಳವನ್ನೂ ತಂದಳು. ಬರೀ ಮೇಣ ಮೆತ್ತಗೆ, ಬರೀ ರಾಳ ಬಿರುಕು ಬಿಡುತ್ತದೆ. ಎರಡನ್ನೂ ಕೂಡಿಸಿ ಕರಗಿಸಿ, ಗೆರೆಯುದ್ದಕ್ಕೂ ದಾರ ಸುತ್ತಿ, ಅದರ ಮೇಲೆ ಬಿಸಿಯಾಗಿ ಮೆತ್ತಿ, ಒದ್ದೆ ಬೆರಳಿನಿಂದ ಒತ್ತಿದಳು. ಹೊತ್ತು ಮುಳುಗುವ ಮೊದಲು ಚೆಂಡು ಅದರ ಜಾಗಕ್ಕೆ ಸೇರಿತ್ತು.

ಗುರುವಾರ ಬೆಳಿಗ್ಗೆ ದೊಡ್ಡ ಟಾಕಿ ತುಂಬಿಸಿ, ನೀರು ನಿಂತ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದಳು. ಪಾಯಖಾನೆಯಲ್ಲಿ ಶಿವಗಂಗವ್ವ ಕಿವಿಗೊಟ್ಟು ಕೂತಿದ್ದಳು.

"ಏನೂ ಕೇಳವಲ್ದು," ಎಂದು ಮುದುಕಿ ಒಳಗಿನಿಂದ ಕೂಗಿದಳು. "ಏನಂದ್ರ ಏನೂ ಕೇಳವಲ್ದು!"

ಮಧ್ಯಾಹ್ನ ಶೇಖಪ್ಪ ಅಂದಾನೆಪ್ಪನೆಂಬ ಹೊಸ ಆಳಿನೊಡನೆ ಗಾಡಿಯಿಂದಿಳಿದ. ಅಗ್ನೆಸ್ ಅವರಿಬ್ಬರನ್ನೂ ನೇರವಾಗಿ ಕಲ್ಲುಕಟ್ಟೆಯ ಮೇಲೆ ಹತ್ತಿಸಿದಳು. ನೀರು ಗೆರೆಗಿಂತ ನಾಲ್ಕು ಬೆರಳಷ್ಟೇ ಇಳಿದಿತ್ತು, ಅದೂ ಮುದುಕಿ ಖುಷಿಗೆ ಮೂರು ಸಲ ಸರಪಳಿ ಎಳೆದದ್ದರಿಂದ. ಆಮೇಲೆ ಪಾಯಖಾನೆಗೆ ಕರೆದೊಯ್ದು, ಸವೆದ ಬಿಲ್ಲೆಯನ್ನೂ ಮೇಣ ಮೆತ್ತಿದ ಚೆಂಡನ್ನೂ ಅವಳು ಒಂದೊಂದಾಗಿ ತೋರಿಸಿ ಹೇಳಿದಳು. ಶೇಖಪ್ಪ ಏಣಿಯ ಮೇಲೆ ನಿಂತು, ಸರಳನ್ನು ತಾನೂ ಒಮ್ಮೆ ಒತ್ತಿ ಬಿಟ್ಟು ನೋಡಿದ.

"ಅಡ್ಡಿಯಿಲ್ಲ," ಎಂದ ಇಳಿಯುತ್ತ. "ನಾ ಅಂದದ್ದು ತಪ್ಪಾತು."

"ಇಲ್ಲಿ ಅನ್ನಬ್ಯಾಡ್ರಿ ಧಣ್ಯಾರ," ಎಂದಳು ಅಗ್ನೆಸ್. "ಅವತ್ತ ಅಂಗಳದಾಗ ನಿಂತು ಅಂದ್ರಿ. ಡಿಪೋದ ಮಂದಿ ಕೇಳ್ಯಾರ, ನನ್ನ ಗಂಡ ಕೇಳ್ಯಾನ. ಅಲ್ಲೇ ಅನ್ರಿ."

ಶೇಖಪ್ಪನ ಮುಖ ಕೆಂಪೇರಿತು. ಅಂದಾನೆಪ್ಪ ನೆಲ ನೋಡಿದ. ಆಗ ಮುದುಕಿಯ ಕೋಣೆಯ ಕಡೆಯಿಂದ ಕೋಲಿನ ಸದ್ದು ಬಂತು. "ಆಕಿ ಹೇಳಿದ್ದು ಖರೇ ಐತಿ. ಹೋಗು," ಎಂದಳು ಶಿವಗಂಗವ್ವ.

ಅವನು ಹೋದ. ಬೇಲಿಯ ಹತ್ತಿರ ನಿಂತು, "ಅಗ್ನೆಸಂದು ತಪ್ಪಿಲ್ಲ. ಆಕಿ ದಿನಾ ಪೂರಾ ತುಂಬಸ್ಯಾಳ. ಟಾಕಿ ಕೆಟ್ಟಿತ್ತು. ಆಕೀನ ರಿಪೇರಿ ಮಾಡ್ಯಾಳ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇನಾಸ ಎದ್ದು ನಿಂತು ಬೇಲಿಯ ಮೇಲಿಂದ ಹೆಂಡತಿಯನ್ನು ನೋಡಿದ. ಅಂದಾನೆಪ್ಪನಿಗೆ ಡಿಪೋದಲ್ಲೇ ಕೆಲಸ ಸಿಕ್ಕಿತು.

ಬೇಸಿಗೆಯಲ್ಲಿ ಕಲಾಯಿಯವನು ಊರಿಗೆ ಬಂದದ್ದು ಅಗ್ನೆಸಳಿಗೇ ಮೊದಲು ತಿಳಿಯಿತು. "ಬಿಸಿಲಿಗೆ ಮೇಣ ಮೆತ್ತಗಾಗ್ತೈತಿ, ಈಗ ಬೆಸಗೀನ ಹಾಕಸೂಣ್ರಿ" ಎಂದು ಚೆಂಡನ್ನು ಬಿಚ್ಚಿ ಅವನ ಮುಂದಿಟ್ಟಳು. ಅವನು ತೂತಿದ್ದ ಕಡೆ ಮಾತ್ರ ತವರ ಇಟ್ಟು ಏಳಲು ಹೊರಟಾಗ ಅವಳು ಬಿಡಲಿಲ್ಲ. ಗೆರೆ ಪೂರ್ತಿ ಸುತ್ತು ಬರುವವರೆಗೆ ಅವನ ಎದುರಿಗೇ ಕೂತಿದ್ದಳು.