ಕಾಕ ತಂದ ಡ್ರೈವ್

ಗಲ್ಫಿನಿಂದ ಬಂದ ವಸ್ತುವನ್ನು ನಮ್ಮ ಹೊಸಂಗಡಿಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಉರಿಯದ ಟಾರ್ಚಿಗೂ ಗಾಜಿನ ಕಪಾಟಿನಲ್ಲಿ ಒಂದು ಜಾಗ ಇರುತ್ತದೆ. ಶಾರ್ಜಾದಲ್ಲಿರುವ ನನ್ನ ಅಣ್ಣ ನಿಸಾಮುದ್ದೀನ್ ಊರಿಗೆ ಬರುತ್ತೇನೆಂದಾಗ ನಾನು ಸೆಂಟು ಕೇಳಲಿಲ್ಲ, ಚಾಕಲೇಟೂ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಫೈಲು ತುಂಬಿಡುವ ಡ್ರೈವ್, ಒಂದು ಎಸ್‌ಎಸ್‌ಡಿ ಕೇಳಿದೆ. ನಮ್ಮಲ್ಲಿ ಅಣ್ಣನನ್ನು ಕಾಕ ಎನ್ನುತ್ತೇವೆ.

ಅದು 2017. ನಾನು ಮಂಗಳೂರಿನಲ್ಲಿ ಅನಿಮೇಶನ್ ಕಲಿತು ಬಂದು, ಮನೆಯಲ್ಲೇ ಕೂತು ಮದುವೆ ವಿಡಿಯೋಗಳಿಗೆ ಹಾರುವ ಹೂವು, ತೆರೆಯುವ ಬಾಗಿಲು ಮಾಡಿಕೊಡುತ್ತಿದ್ದೆ. ಅದರ ನಡುವೆ ನನ್ನದೇ ಒಂದು ಸಣ್ಣ ಚಿತ್ರ ಬೆಳೆಯುತ್ತಿತ್ತು. ಪೈವಳಿಕೆ ಬಸ್ಸು ಹತ್ತಿ, ಟಿಕೆಟ್ ಯಾಕೆ ತೆಗೆಯಬೇಕೆಂದು ಕಂಡಕ್ಟರನೊಂದಿಗೆ ಜಗಳವಾಡುವ ಒಂದು ಕೋಳಿಯ ಕಥೆ. ಕೊಚ್ಚಿಯ ಒಂದು ಸ್ಟುಡಿಯೋದವರು ಅದರ ತುಣುಕು ನೋಡಿ, ರಂಜಾನ್ ನೋಂಬು ಶುರುವಾಗುವ ಮೊದಲು ಪೂರ್ತಿ ಮಾಡಿ ಕಳಿಸಿ, ಹಿಡಿಸಿದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಮದುವೆಯ ಹೂವು ಹಾರಿಸಿ ನನಗೆ ಸಾಕಾಗಿತ್ತು. ನನ್ನ ಜೀವವೆಲ್ಲ ಆ ಕೋಳಿಯ ಮೇಲಿತ್ತು.

ಆದರೆ ನನ್ನ ಹಳೆಯ ಹಾರ್ಡ್‌ಡಿಸ್ಕ್ ಕಟಕಟ ಎನ್ನಲು ಶುರುಮಾಡಿತ್ತು. ಹೊಸದು ಯಾವುದಾಗಬೇಕೆಂದು ವಾರಗಟ್ಟಲೆ ಓದಿ, ಹೋಲಿಸಿ ನೋಡಿ, ಕೊನೆಗೆ ಒಂದನ್ನು ಆರಿಸಿದೆ. ಅದರ ಹೆಸರು, ಮಾದರಿ, ಪೆಟ್ಟಿಗೆಯ ಫೋಟೋ ಎಲ್ಲ ಕಾಕನಿಗೆ ವಾಟ್ಸಾಪ್ ಮಾಡಿದೆ. ಅವನು ಫೋನ್ ಮಾಡಿದ.

"ಇದರಲ್ಲಿ ಜಾಗ ಕಮ್ಮಿ ಅಲ್ವಾ? ಇದೇ ರೇಟಿಗೆ ಎಷ್ಟೋ ದೊಡ್ಡದು ಸಿಗ್ತದೆ."

"ಗೋದಾಮು ದೊಡ್ಡದಿದ್ದು ಎಂತ ಮಾಡುವುದು ಕಾಕ, ಬಾಗಿಲು ಸಣ್ಣದಾದ್ರೆ? ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಹೊರಗೆ ಬರ್ಬೇಕು. ನನಗೆ ಸ್ಪೀಡ್ ಬೇಕು. ಇದನ್ನೇ ತಾ."

"ಆಯ್ತು ಮಾರಾಯ್ತಿ" ಎಂದ.

ಕಾಕ ಬಂದ. ಹಗ್ಗ ಬಿಗಿದ ಪೆಟ್ಟಿಗೆಯನ್ನು ನೆಂಟರ ಮುಂದೆ ಬಿಚ್ಚಿದಾಗ ನನ್ನ ಪಾಲಿಗೆ ಬಂದದ್ದು ಕಂಡು ಕೇಳರಿಯದ ಹೆಸರಿನ, ಚಿನ್ನದ ಬಣ್ಣದ ಒಂದು ಡ್ರೈವ್. "ನೀನು ಹೇಳಿದ್ದು ಅಂಗಡಿಯಲ್ಲಿ ಇರ್ಲಿಲ್ಲ. ಇದು ಅದಕ್ಕಿಂತ ದೊಡ್ಡದು, ಎರಡು ಟಿಬಿ" ಎಂದ. ನೆಂಟರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ತೂಕ ನೋಡಿ ಮೆಚ್ಚಿದರು.

ನನಗೆ ಅನುಮಾನ ಬಂತು. ಇಂಥವನ್ನು ಪೂರ್ತಿ ತುಂಬಿಸಿ, ತುಂಬಿದ್ದು ಉಳಿದಿದೆಯೇ ಎಂದು ನೋಡುವ ಪ್ರೋಗ್ರಾಂ ಇದೆ. ಅದನ್ನು ಹಾಕಿ ಕೂತಿದ್ದೆ. ಉಮ್ಮ ಬಂದು ಬೆನ್ನ ಹಿಂದೆ ನಿಂತಳು.

"ಎಂತ ಅದು?"

"ಟೆಸ್ಟ್ ಉಮ್ಮ. ಡುಪ್ಲಿಕೇಟ್ ಆಗಿದ್ರೆ?"

"ಕಾಕ ಅಲ್ಲಿ ಬೆವರು ಸುರಿಸಿ ತಂದದ್ದಕ್ಕೆ ಟೆಸ್ಟಾ? ಅವ ನೋಡಿದ್ರೆ ಎಂತ ಗ್ರಹಿಸ್ತಾನೆ? ತೆಗಿ ಅದನ್ನು!" ನಾನು ತೆಗೆಯುವ ಮೊದಲೇ ಅವಳೇ ವಯರ್ ಎಳೆದಳು.

ಹಳೆಯ ಡಿಸ್ಕ್ ಇವತ್ತೋ ನಾಳೆಯೋ ಎಂಬಂತಿತ್ತು. ಬೇರೆ ದಾರಿ ಕಾಣದೆ ಕೋಳಿ, ಬಸ್ಸು, ಕಂಡಕ್ಟರ್ ಎಲ್ಲವನ್ನೂ ಹೊಸದಕ್ಕೆ ತುಂಬಿದೆ. ಅದೇ ವಾರ ಹಳೆಯದು ಸತ್ತಿತು. ಹೊಸದನ್ನು ತೆರೆದರೆ ಫೈಲುಗಳ ಹೆಸರು ಮಾತ್ರ ಇವೆ, ಒಂದರೊಳಗೂ ಚಿತ್ರವಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಚಿನ್ನದ ಬಣ್ಣದ ಹೊದಿಕೆಯೊಳಗೆ ಫೋನಿಗೆ ಹಾಕುವ ಮೆಮೊರಿ ಕಾರ್ಡು ಅಂಟಿಸಿದ್ದರು, ತೂಕಕ್ಕೆ ಒಂದು ಕಬ್ಬಿಣದ ತುಂಡು.

"ಪಾಪ, ಕಾಕನಿಗೆ ಯಾರೋ ಮೋಸ ಮಾಡಿದ್ದು. ಅವನಿಗೆ ಹೇಳ್ಬೇಡ, ಬೇಜಾರಾದೀತು" ಎಂದಳು ಉಮ್ಮ. ನಾನೂ ಪಾಪ ಎಂದುಕೊಂಡೆ. ಬಚ್ಚಲಲ್ಲಿ ನೀರು ಬಿಟ್ಟು ಅತ್ತೆ.

ಕೆಲವು ದಿನ ಕಳೆದು ಕಾಕ ಪೈವಳಿಕೆಯಿಂದ, ಹೆಂಡತಿ ರಂಶೀನಾಳ ಮನೆಯಿಂದ ಫೋನ್ ಮಾಡಿದ. "ಇಲ್ಲಿ ಸಿನಾನ್‌ನ ಕಂಪ್ಯೂಟರಿಗೆ ಒಂದು ಸಾಮಾನು ಕೂರಿಸ್ಲಿಕ್ಕುಂಟು. ಒಮ್ಮೆ ಬಾ." ಸಿನಾನ್ ಅಂದರೆ ರಂಶೀನಾಳ ತಮ್ಮ, ಕಾಲೇಜಿನಿಂದ ಬಂದರೆ ಊಟವೂ ಬೇಡ, ಗೇಮ್ ಒಂದಿದ್ದರೆ ಸಾಕು. ನಮ್ಮಲ್ಲಿ ಹೆಣ್ಣಿನ ಮನೆಗೆ ಅಳಿಯನೆಂದರೆ ಪುದಿಯಾಪ್ಲೆ. ಮದುವೆಯಾಗಿ ವರ್ಷಗಳು ಕಳೆದರೂ ಅಲ್ಲಿ ಅವನು ಹೊಸ ಮದುಮಗನೇ. ಅವನು ಕರೆದಾಗ ಅವನ ತಂಗಿ ಹೋಗದಿದ್ದರೆ ಹೇಗೆ? ಹೋದೆ.

ಮೇಜಿನ ಮೇಲೆ ಸೀಲು ಒಡೆಯದ ಪೆಟ್ಟಿಗೆ ಇತ್ತು. ನಾನು ಫೋಟೋ ಕಳಿಸಿದ್ದ ಅದೇ ಪೆಟ್ಟಿಗೆ, ಅದೇ ಮಾದರಿ. ಕಾಕನ ಮುಖ ನೋಡಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರಗೆ ಬಾವಿಕಟ್ಟೆ, ಅದರ ಮೇಲೊಂದು ಬಾಲ್ದಿ, ಇಷ್ಟೇ.

"ಇದರಲ್ಲಿ ಗೇಮ್ ಬೇಗ ಲೋಡ್ ಆಗ್ತದಂತೆ, ಹೌದಾ?" ಸಿನಾನ್ ಕೇಳಿದ.

"ಹೌದು" ಎಂದು ಸ್ಕ್ರೂ ಬಿಗಿದೆ.

ರಂಶೀನಾಳ ಉಮ್ಮ ಅಕ್ಕಿಯ ಪತ್ತಿರಿ ರೊಟ್ಟಿ, ಕೋಳಿ ಸಾರು ತಂದಿಟ್ಟರು. "ನಮ್ಮ ಪುದಿಯಾಪ್ಲೆಯ ತಿಳುವಳಿಕೆ ನೋಡು. ಇವರೇ ಆರಿಸಿ, ಅಂಗಡಿಯವನಿಗೇ ಪಾಠ ಹೇಳಿ ತಂದದ್ದಂತೆ. ಗೋದಾಮು ದೊಡ್ಡದಿದ್ದು ಎಂತ, ಬಾಗಿಲು ಸಣ್ಣದಾದ್ರೆ ಅಂತ ಕೇಳಿದ್ರಂತೆ!"

ಕಾಕ ಇವರಿಗೆ ಡ್ರೈವ್ ಕೊಟ್ಟದ್ದು ಸಾಲದೆ ನನ್ನ ಮಾತನ್ನೂ ಕೊಟ್ಟಿದ್ದ. ಬಾಯಿ ತೆರೆದರೆ ಅವನ ಮರ್ಯಾದೆ ಅಲ್ಲೇ ಮೂರು ಕಾಸಿಗೆ ಹರಾಜಾಗುತ್ತಿತ್ತು. ಆದರೆ ರಂಶೀನಾ ಅವನನ್ನು ಹೆಮ್ಮೆಯಿಂದ ನೋಡುತ್ತಿದ್ದಳು, ಅವಳೇನು ಮಾಡಿದ್ದಳು ಪಾಪ. "ಹೌದು, ಕಾಕ ಆರಿಸಿದ್ರೆ ಮತ್ತೆ ಕೇಳುವುದು ಬೇಡ" ಎಂದೆ. ಕಾಕ ನಾಚಿಕೆಯಿಲ್ಲದೆ ನಕ್ಕ.

ನಾನು ಹೊರಟಾಗ ಗೇಟಿನವರೆಗೆ ಹಿಂದೆ ಬಂದ. "ಹೆಂಡತಿ ಮನೆಗೆ ಸಾದಾದ್ದು ತರ್ಲಿಕ್ಕೆ ಆಗ್ತದಾ ಜಸೀನಾ? ನಿನ್ನ ಕೋಳಿಗೆ ಆ ಎರಡು ಟಿಬಿಯದ್ದು ಧಾರಾಳ ಸಾಕು."

"ಕೋಳಿ ಹೋಯ್ತು ಕಾಕ. ಎಲ್ಲ ಹೋಯ್ತು."

"ಇನ್ನೊಂದು ಮಾಡು" ಎಂದು ಒಳಗೆ ಹೋದ.

ಹೊಸಂಗಡಿ ಬಸ್ಸು ಹತ್ತಿದೆ. ಉಮ್ಮನ ಮುಂದೆ ಎಲ್ಲ ಕಾರಿಕೊಳ್ಳಬೇಕು, ಅವಳಾದರೂ ಕಾಕನಿಗೆ ನಾಲ್ಕು ಬಯ್ಯಲಿ ಎಂದು ಅಂಗಳ ಹತ್ತಿದೆ. ಉಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅಲ್ಲಿ ಏನು ಕೂರಿಸಿದೆ ಎಂದು ಕೇಳಲಿಲ್ಲ.

"ಅಲ್ಲಿ ಅವರ ಎದುರು ನೀನು ಎಂತದೂ ಹೇಳ್ಲಿಲ್ಲ ಅಲ್ವಾ?" ಎಂದಳು.

ನಾನು ಕೇಳಿದ ಡ್ರೈವ್ ಯಾರ ಪಾಲಿಗೆಂದು, ಕಾಕ ನೆಂಟರ ಮುಂದೆ ಪೆಟ್ಟಿಗೆ ಬಿಚ್ಚುವ ಮೊದಲೇ ಉಮ್ಮನಿಗೆ ಗೊತ್ತಿತ್ತು.

"ಇಲ್ಲ" ಎಂದೆ.

"ಅಲ್‌ಹಮ್ದುಲಿಲ್ಲಾಹ್" ಎಂದು ಉಮ್ಮ ದೇವರನ್ನು ಸ್ತುತಿಸಿ, ನನಗೆ ಅನ್ನ ಬಡಿಸಲು ಒಳಗೆ ಹೋದಳು.