ಹಿಂದಕ್ಕೆ ವಾಲಿದ ಅಕ್ಷರ

ಮುದ್ದೇಬಿಹಾಳದ ಮುರ್ತುಜಾಸಾಬರಿಗೆ ಇದ್ದದ್ದು ಒಂದೇ ಪ್ರೆಸ್ಸು, ಗತ್ತು ಮಾತ್ರ ಹತ್ತು ಪ್ರೆಸ್ಸಿನದು. ಸೋಲಾಪುರದಲ್ಲಿ ಸಿನಿಮಾ ಪೋಸ್ಟರೊಂದನ್ನು ನೋಡಿ ಬಂದವರೇ ಊಟ ನಿದ್ದೆ ಬಿಟ್ಟು ಹೊಸ ನಮೂನೆಯ ಕನ್ನಡ ಅಕ್ಷರ ಬರೆದರು. ದಪ್ಪ ಮೈ, ಇಕ್ಕಟ್ಟು ನಡು, ತುದಿಯಲ್ಲಿ ಕೊಂಕು ಬಳುಕು ಏನೂ ಇಲ್ಲ. ಬಸ್ಸು ಹಿಡಿಯಲು ಓಡುವವರಂತೆ ಎಲ್ಲವೂ ಬಲಕ್ಕೆ ಬಾಗಿದ್ದವು. ಈ ಅಕ್ಷರದಿಂದ ತಮ್ಮ ಹೆಸರು ಉಳಿಯಬೇಕು ಎಂಬುದೊಂದೇ ಸಾಬರ ಹಂಬಲ.

ಮರದಲ್ಲಿ ಕೆತ್ತುವ ಕೆಲಸ ಬಡಿಗ ಮಾನಪ್ಪನದು. ಅಚ್ಚಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು, ಆಗಲೇ ಕಾಗದದ ಮೇಲೆ ಸರಿಯಾಗಿ ಮೂಡುತ್ತದೆ. ಮಾನಪ್ಪ ಉಳಿ ಹಿಡಿದವನು ತಡೆದು ಕೇಳಿದ: "ಸಾಬ್ರ, ಅಕ್ಷರದ ಕೂಡ ಅದರ ಬಾಗೂನೂ ತಿರುವಬೇಕಲ್ರಿ?"

"ಬಲಕ್ಕಂದ್ರ ಬಲಕ್ಕ. ನನಗ ಕಲಸಾಕ ಬರಬ್ಯಾಡ."

ಮಾನಪ್ಪ ಅಕ್ಷರ ತಿರುವಿ, ಬಾಗು ಮಾತ್ರ ಹೇಳಿದಂತೆ ಬಲಕ್ಕೇ ಬಿಟ್ಟು ಕೆತ್ತಿದ.

ಅದು ೧೯೬೦, ತಾಲೂಕು ಬೋರ್ಡಿನ ಚುನಾವಣೆ. ಅಭ್ಯರ್ಥಿ ಖಂಡೆಪ್ಪ ಸಾವಕಾರನ ಮಾರುದ್ದದ ಹೆಸರು ಹಳೆಯ ದುಂಡು ಅಕ್ಷರದಲ್ಲಿ ಮೂರು ಸಾಲು ನುಂಗುತ್ತಿತ್ತು, ಹೊಸದರಲ್ಲಿ ಒಂದೇ ಸಾಲಿಗೆ ಕೂತಿತು. ಆದರೆ ಕಾಗದ ಎತ್ತಿದರೆ ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಮಾನಪ್ಪ ಹೇಳಿದ್ದೇ ಸರಿ ಎಂದು ಸಾಬರಿಗೆ ಹೊಳೆಯುವಷ್ಟರಲ್ಲಿ ಸಾವಕಾರನೇ ಬಂದು ನಿಂತ.

"ಇದೇನ್ರಿ, ಎಲ್ಲಾ ಹಿಂದಕ್ಕ ಬೀಳಾಕತ್ತಾವಲ್ಲ?"

"ಹೊಸಾ ಫ್ಯಾಶನ್ ರೀ! ಎದಿ ಎತ್ತಿ ನಿಂತಾವು. ಮುಂದಕ್ಕ ಬಗ್ಗಾವು ಓಟು ಬೇಡಾವ್ರ ಅಕ್ಷರ."

ಯಾರಿಗೂ ಬಗ್ಗದ ಸಾವಕಾರ ಹಿಗ್ಗಿದ. "ಖರೇ ಐತಿ. ನಾ ಲೋಡಿಗೆ ಆತು ಕುಂತಂಗ ಕಾಣತೈತಿ."

ಸಾವಕಾರ ಗೆದ್ದ, ಗೆದ್ದು ಲೋಡಿಗೆ ಆತುಕೊಂಡೇ ಕೂತ. ಗೆಲ್ಲಿಸಿದ್ದು ಅಕ್ಷರವೆಂದು ಜನ ನಂಬಿದರು. ಇಂಡಿ ಊರಿನ ಸೋಡಾ ಅಂಗಡಿ, ಸಿಂದಗಿಯ ಎಣ್ಣೆ ಗಿರಣಿಗಳ ಜಾಹೀರಾತು, ಬಾಗೇವಾಡಿಯ ಲಗ್ನಪತ್ರಿಕೆ, ಕೊನೆಗೆ ಸತ್ತವರ ಶೋಕಪತ್ರವೂ ಅಂಗಾತ ವಾಲತೊಡಗಿತು. ಸಾಬರ ಹೆಸರು ನಾಲ್ಕೂ ತಾಲೂಕಿಗೆ ಹಬ್ಬಿತು. ಒಂದೊಂದು ಕಾಗದ ಎತ್ತುವಾಗಲೂ ಅವರು ಮುಖ ತಿರುವುತ್ತಿದ್ದರು; ಹೊಗಳಿಸಿಕೊಳ್ಳುತ್ತಿದ್ದುದು ತಾವು ಬರೆದ ಅಕ್ಷರವಲ್ಲ.

ಇದನ್ನೇ ಎರಡು ವರ್ಷ ನೋಡಿದ ಮಾನಪ್ಪ, ಯಾರೂ ಹೇಳದೆ, ಮೊದಲಿನ ನಕ್ಷೆಯನ್ನೇ ಸರಿಯಾಗಿ ತಿರುವಿ ಹೊಸದಾಗಿ ಕೆತ್ತಿ ತಂದ. ಸಾಬರು ಒಂದು ಕಾಗದ ಒತ್ತಿದರು. ಅಕ್ಷರಗಳು ಬಲಕ್ಕೆ ಓಡಿದವು. ಅವರ ಕಣ್ಣು ತುಂಬಿ ಬಂತು.

"ಇದ ನೋಡೋ ನಾ ಬರದದ್ದು!" ಎಂದು ಮಾನಪ್ಪನ ಹೆಗಲು ಹಿಡಿದರು.

ಅಷ್ಟರಲ್ಲಿ ನಾಟಕದ ಪೋಸ್ಟರಿಗೆಂದು ಯಂಕಂಚಿಯ ಭೀಮಶ್ಯಾ ಬಂದ. ಕಾಗದ ನೋಡಿ ನಕ್ಕುಬಿಟ್ಟ. "ಇವೇನ್ರಿ ಸಾಬ್ರ, ಮುಗ್ಗರಿಸಿದಂಗ ಅದಾವು? ನಿಮ್ಮಂಥವರ ಕೈಯಾಗೂ ತಪ್ಪು ಆಗತೈತೇನು?"

ಹೆಗಲ ಮೇಲಿನ ಕೈ ಮೆಲ್ಲಗೆ ಜಾರಿತು.

"ನನ್ನ ತಪ್ಪಲ್ರಿ," ಎಂದರು ಸಾಬರು. "ಈ ಬಡಿಗ್ಯಾ ಉಲ್ಟಾ ಕೆತ್ತ್ಯಾನ."

ಮಾನಪ್ಪ ಅವರ ಮುಖವನ್ನು ಒಮ್ಮೆ ನೋಡಿ, ತನ್ನ ಮರದ ಅಕ್ಷರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ಸಾಬರು ಅವನನ್ನು ಕರೆಯಲು ಬಾಯಿ ತೆರೆದರು, ಆದರೆ ಭೀಮಶ್ಯಾ ಇನ್ನೂ ಅಲ್ಲೇ ನಿಂತಿದ್ದ.