ಗುಂಗು ಮತ್ತು ಗಿರಣಿ

ಮನಿಷಾ ಮಗಳ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದಳು. ಕಟ್ಟೆಯ ಮೇಲಿದ್ದ ಫೋನು ನಡುಗುತ್ತ ನಡುಗುತ್ತ ಸರಿದು ಹಿಟ್ಟಿನ ಪರಾತದೊಳಗೇ ಬಿತ್ತು. ಒರೆಸಿಕೊಂಡು ನೋಡಿದರೆ, ಬೆಳಗಾವಿ-ಖಾನಾಪುರದ ವಾದ್ಯಗಾರರ ಗುಂಪಿನಲ್ಲಿ ಎಲ್ಲರದೂ ಒಂದೇ ಕೂಗು: ಗಿಟಾರ್ ಮಾಡುವ ದೊಡ್ಡ ಕಂಪನಿ ತ್ರಿನಾದ, ಗುಂಜಿ ಊರಿನ ಉಜೈರನ ‘ಗುಂಗು’ ಆಂಪ್ಲಿಫೈಯರ್ ಕಂಪನಿಯನ್ನು ಕೊಂಡುಕೊಂಡಿದೆ!

ಕಂಪನಿ ಎಂದರೆ ಉಜೈರ, ಅವನ ಮನೆಯ ಹಿಂದಿನ ಕೋಣೆ, ಒಂದು ಬೆಸುಗೆ ಕಡ್ಡಿ, ಅಷ್ಟೇ. ಹಳೆಯ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ಹಾಕಿ ಒಂದೊಂದೇ ಆಂಪನ್ನು ಕೈಯಿಂದ ಕಟ್ಟುತ್ತಿದ್ದ. ಅದಕ್ಕಾಗಿ ಗಿಟಾರಿನವರು ಪಾಳಿ ಹಚ್ಚಿ ಕಾಯುತ್ತಿದ್ದರು.

ಅಷ್ಟರಲ್ಲಿ ಆರಿಫನ ಫೋನು ಬಂತು. ಅವನ ಆರ್ಕೆಸ್ಟ್ರಾದಲ್ಲೇ ಮನಿಷಾ ಗಿಟಾರ್ ನುಡಿಸುತ್ತಿದ್ದುದು; ವಾರವೆಲ್ಲ ಶಾಲೆಯ ಆಫೀಸಿನ ಕೆಲಸ, ರಜೆ ಬಂದರೆ ಮದುವೆಯ ಹಂದರ.

“ಅಕ್ಕಾ, ನೋಡಿದ್ರಿಲ್ಲೋ? ನಮ್ಮ ಗುಂಗು ಇನ್ನ ದೇಶಾ ತುಂಬ ಹೊಂಟೈತಿ! ನಾ ಅಂತೂ ಕಟ್ಟಿ ಮ್ಯಾಲ ನಿಂತ ಕುಣದೆ, ನಮ್ಮ ಓಣ್ಯಾವ್ರು ಏನ ಹುಚ್ಚ ಹಿಡೀತೋ ಅಂದ್ರು.”

“ನೋಡಿದ್ನೋ ಮಾರಾಯಾ, ಇಲ್ಲಿ ನಿನ್ನಿಂದ ಚಪಾತಿ ಹೊತ್ತಿತು!” ಎಂದು ಮನಿಷಾ ನಕ್ಕಳು. ಒಲೆ ಆರಿಸಿ ಕೇಳಿದಳು: “ಆರಿಫಾ, ಅವ್ರು ಅದರ ದನಿ ಬದಲಿ ಮಾಡಲಿಕ್ಕಿಲ್ಲಲ್ಲ?”

ಅವಳ ಚಿಂತೆ ಅದೊಂದೇ. ಗುಂಗಿಗೆ ಹಚ್ಚಿದ ಗಿಟಾರಿನಲ್ಲಿ ಸುರ ಏರುತ್ತ ಹೋದರೆ ತುದಿಯಲ್ಲಿ ಚೂರೇ ಒಡೆಯುತ್ತಿತ್ತು, ಗಂಟಲು ತುಂಬಿ ಬಂದವರ ಮಾತಿನ ಹಾಗೆ. ಪಾರಿಶ್ವಾಡದ ಒಂದು ಮದುವೆಯಲ್ಲಿ ಅದನ್ನು ಕೇಳಿ ಪಂಕ್ತಿಯಲ್ಲಿ ಕುಳಿತವರು ಎಂಜಲು ಕೈಯಲ್ಲೇ ಎದ್ದು ಬಂದಿದ್ದರು. ಮನೆಯಲ್ಲಿ, ಆಫೀಸಿನಲ್ಲಿ ದಿನವಿಡೀ ಹೇಳಲಾಗದೆ ಉಳಿದದ್ದೆಲ್ಲ ಅವಳ ಬೆರಳಿನಿಂದ ಹೊರಡುವುದು ಆ ದನಿಯಲ್ಲೇ. ಆರ್ಕೆಸ್ಟ್ರಾದ ಹಳೆಯ ಗುಂಗು ಕೆಟ್ಟು, ಹೊಸದರಲ್ಲಿ ಅದು ಬರದೆ ಹೋದರೆ ತಾನು ಬರೀ ತಂತಿ ಮೀಟುವವಳು.

ರವಿವಾರ ಬೆಳಗಾವಿಯ ಸದಾಶಿವನಗರದ ರೆಕಾರ್ಡಿಂಗ್ ಕೋಣೆಯೊಂದಕ್ಕೆ ತ್ರಿನಾದ ಕಂಪನಿಯ ಇಂಜಿನಿಯರ್ ಐಶ್ವರ್ಯಾ ಬೆಂಗಳೂರಿನಿಂದ ಬಂದಳು. ಗುಂಗಿನ ದನಿಯನ್ನು ಕೇಳಿ, ಅಳೆದು, ಮೇಲಿನವರಿಗೆ ತಿಳಿಸುವುದು ಅವಳ ಕೆಲಸ. ಉಜೈರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುಮಗನ ಹಾಗೆ ನಿಂತಿದ್ದ. ಮನಿಷಾ ನುಡಿಸಿದಳು.

ಸಪ್ಪೆ. ಉಪ್ಪು ಮರೆತ ಸಾರಿನ ಹಾಗೆ ಸಪ್ಪೆ. ಮತ್ತೆ ನುಡಿಸಿದಳು, ತಂತಿ ಬದಲಿಸಿ ನುಡಿಸಿದಳು. ಆ ಒಡಕು ಬರಲೇ ಇಲ್ಲ.

“ತಪ್ಪು ತಿಳ್ಕೋಬೇಡಿ,” ಎಂದಳು ಐಶ್ವರ್ಯಾ, “ಚೆನ್ನಾಗೇ ಇದೆ. ಆದ್ರೆ ನಮ್ಮ ಆಂಪ್‌ಗೂ ಇದಕ್ಕೂ ವ್ಯತ್ಯಾಸ ಕೇಳಿಸ್ತಿಲ್ಲ. ಹೀಗಾದ್ರೆ ಒಳಗೆ ನಮ್ಮ ಸರ್ಕ್ಯೂಟ್ ಹಾಕಿ, ಮೇಲೆ ಗುಂಗು ಅಂತ ಹೆಸರು ಬರೆದು ಮಾರ್ತಾರೆ. ನಾಳೆ ತೀರ್ಮಾನ ಆಗುತ್ತೆ.”

“ಯಾ ಅಲ್ಲಾ! ನಮ್ಮ ಮನ್ಯಾಗ ಇದು ಹಿಂಗ ಇರಂಗಿಲ್ರಿ ಮೇಡಂ,” ಎಂದ ಉಜೈರ. ಇಸ್ತ್ರಿಯ ಅಂಗಿ ಆಗಲೇ ಬೆವೆತಿತ್ತು.

“ಇದು ಈ ಖೋಲೀದ ಗುಣಾ,” ಎಂದು ಆರಿಫ ಗೋಡೆಯನ್ನು ದುರುಗುಟ್ಟಿ ನೋಡಿದ. “ಬೆಳಗಾವಿ ಹಾಲ್‌ನ್ಯಾಗೂ ಯಾವತ್ತೂ ಹಿಂಗ. ಹಳ್ಯಾಗ ಕೇಳ್ಬೇಕ್ರಿ ನೀವು.”

ಮನಿಷಾ ಗಿಟಾರನ್ನು ಚೀಲಕ್ಕೆ ಹಾಕಿಯೇಬಿಟ್ಟಳು. “ಹಂಗಾರ ಏಳ್ರಿ, ಗುಂಜಿಗಿ ಹೋಗೂಣು. ಅದು ಹುಟ್ಟಿದ ಮನ್ಯಾಗ ಒಮ್ಮಿ ಕೇಳ್ರಿ ಮೇಡಂ, ಆಮ್ಯಾಲ ಏನ್ ಹೇಳಾವ್ರು ಅದನ್ನ ಹೇಳ್ರಿ.”

ಖಾನಾಪುರ ದಾಟಿ ಗುಂಜಿ ಮುಟ್ಟಿದಾಗ ಊರು ಊಟ ಮುಗಿಸಿ ಅಡ್ಡಾಗಿತ್ತು. ಉಜೈರನ ಹಿಂದಿನ ಕೋಣೆಯಲ್ಲಿ, ನೇತಾಡುವ ಬಲ್ಬಿನ ಕೆಳಗೆ ಆಂಪ್ ಇಟ್ಟರು. ಮನಿಷಾ ಕಣ್ಣು ಮುಚ್ಚಿ ಸುರ ಏರಿಸಿದಳು.

ಇಲ್ಲಿಯೂ ಸಪ್ಪೆ.

ಅವಳು ಕಣ್ಣು ತೆರೆದಳು. ಇಷ್ಟು ವರ್ಷ ಇಲ್ಲದ್ದನ್ನೇ ಕೇಳಿಸಿಕೊಂಡು ಕುಣಿದೆವೇ? ಐಶ್ವರ್ಯಾ ಮರ್ಯಾದೆಗೆ ತಲೆಯಾಡಿಸುತ್ತಿದ್ದಳು. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು. ಮನಿಷಾ ಸಿಟ್ಟಿನಲ್ಲಿ ಮತ್ತೆ ಮೊದಲಿನಿಂದ ಹಿಡಿದಳು.

ಆಗ ಗೋಡೆಯಾಚೆ ಧಡ್ ಎಂದು ಸದ್ದಾಯಿತು. ಪಕ್ಕದ ಹಿಟ್ಟಿನ ಗಿರಣಿಯ ಕಾಡವ್ವ ಊಟ ಮುಗಿಸಿ ಬಂದು, ಯಾರದೋ ಅಕ್ಕಿ ಸುರಿದು ಮೋಟರು ಹಚ್ಚಿದ್ದಳು. ಗೋಡೆ ನಡುಗಿತು. ಬಲ್ಬು ಕಂದೀಲಿನಷ್ಟು ಕೆಂಪಾಗಿ ಕುಗ್ಗಿತು. ಮತ್ತು ಗಿಟಾರಿನ ಸುರ ಏರುತ್ತ ಏರುತ್ತ ತುದಿಯಲ್ಲಿ ಗಂಟಲು ತುಂಬಿ ಒಡೆಯಿತು.

“ಬಂತು!” ಎಂದು ಆರಿಫ ಎಗರಿದ. “ಬಂತ್ರೀ ಅಕ್ಕಾ, ಬಂತು! ನಿಲ್ಲಿಸಬ್ಯಾಡ್ರಿ!”

ಅವಳು ಎಲ್ಲಿ ನಿಲ್ಲಿಸುತ್ತಾಳೆ? ಮೈಯೆಲ್ಲ ಮುಳ್ಳೆದ್ದಿತ್ತು. ಐಶ್ವರ್ಯಾ ಬಾಯಿ ಸ್ವಲ್ಪ ತೆರೆದು ಹಾಗೇ ಗೋಡೆಗೆ ಆತುಕೊಂಡಳು. ಅಷ್ಟರಲ್ಲಿ ಅಕ್ಕಿ ಮುಗಿದು ಗಿರಣಿ ನಿಂತಿತು, ಬಲ್ಬು ಝಗ್ ಎಂದಿತು, ಸುರ ಮತ್ತೆ ಸಪ್ಪೆಯಾಯಿತು.

ಐಶ್ವರ್ಯಾ ಚೀಲದಿಂದ ಮೀಟರ್ ತೆಗೆದು ಪ್ಲಗ್ಗಿಗೆ ಹಿಡಿದಳು. “ಉಜೈರ್ ಅವರೇ, ನೀವು ಇದನ್ನ ಟ್ಯೂನ್ ಮಾಡೋವಾಗ ಗಿರಣಿ ನಡೀತಾ ಇರುತ್ತಾ?”

“ಅದು ಯಾವಾಗ್ಲೂ ನಡದ ಇರ್ತೈತ್ರಿ. ಈಗ ನನಗ ಅದರ ಗದ್ದಲಾನ ಕೇಳಸಂಗಿಲ್ಲ.”

“ಅದೇ ವಿಷಯ! ವೋಲ್ಟೇಜ್ ಇಳಿದಾಗ ಈ ವಾಲ್ವ್‌ಗಳು ಬೇಗ ದಣೀತವೆ. ದಣಿದಾಗ ದನಿ ಹೀಗೆ ಒಡೆಯುತ್ತೆ. ನೀವು ಕಿವಿ ಕೊಟ್ಟು ಕಟ್ಟಿರೋದೇ ಆ ದಣಿವಿಗೆ.”

ದಣಿದಾಗ ದನಿ ಒಡೆಯುವುದನ್ನು ಮನಿಷಾಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವಳು ತಲೆಗೆ ಕೈ ಬಡಿದುಕೊಂಡು ನಕ್ಕಳು. “ಹಳ್ಳಿ ಮದವ್ಯಾಗ ಕರೆಂಟ ಬಿತ್ತು ಕರೆಂಟ ಬಿತ್ತು ಅಂತ ಬೈಕೋತ ಬಾರ್ಸಿದ್ವಲ್ಲೋ ಆರಿಫಾ, ಅದ ನಮ್ಮ ಮರ್ಯಾದಿ ಉಳಿಸೇತಿ ನೋಡು!”

ಐಶ್ವರ್ಯಾ ಆಗಲೇ ತನ್ನ ಕಂಪನಿಯ ಸಾಹೇಬರಿಗೆ ಫೋನು ಹಚ್ಚಿದ್ದಳು. ಅವರು ರೈಲು ಹತ್ತುವವರಿದ್ದರು. ಕೇಳಿಸುವುದಿದ್ದರೆ ಈಗಲೇ ಕೇಳಿಸು ಎಂದರು.

ಮನಿಷಾ ಗಿಟಾರನ್ನು ಕೊರಳಲ್ಲಿ ಹಾಕಿಕೊಂಡೇ ಗಿರಣಿಗೆ ಓಡಿದಳು. “ಮಾವಶಿ, ಗಿರಣಿ ಹಚ್ಚರಿ, ಲಗೂನ!”

ಕಾಡವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. “ಕಾಳ ಎಲ್ಲೈತಿ? ಖಾಲಿ ತಿರುವಿದ್ರ ಕಲ್ಲಿಗಿ ಕಲ್ಲ ಹತ್ತಿ ಸವೀತಾವ. ಅಕ್ಕಿ ತಾ, ಹಚ್ತೇನಿ.”

ಆರಿಫ ಆಚೆ ಓಣಿಗೆ, ಮನಿಷಾ ಈಚೆ ಓಣಿಗೆ. ನಿದ್ದೆಗಣ್ಣಿನ ಬಾಗಿಲುಗಳನ್ನು ಬಡಿದಳು. “ಅಕ್ಕಿ ಇದ್ರ ಕೊಡ್ರಿ ಅಕ್ಕಾರ, ಬೀಸಿ ಕೊಡ್ತೇವಿ, ರೊಕ್ಕಾ ಬ್ಯಾಡ!”

“ಫುಕಟ್? ಯಾಕ, ಇಲೆಕ್ಷನ್ ಬಂತೇನ?” ಎಂದಳು ಸಿದ್ದಕ್ಕನೆಂಬ ಹೆಂಗಸು. ಆದರೂ ಗಿಟಾರ್ ಹೊತ್ತು ಏದುಸಿರು ಬಿಡುತ್ತಿದ್ದವಳನ್ನು ನೋಡಿ ಏನನ್ನಿಸಿತೋ, ಬುಟ್ಟಿ ತುಂಬ ಅಕ್ಕಿ ತಂದು ತಾನೇ ತಲೆಯ ಮೇಲಿಟ್ಟುಕೊಂಡು ಹೊರಟಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಆರಿಫ, ಎರಡೂ ಕಂಕುಳಲ್ಲಿ ಡಬ್ಬಿ ಇರುಕಿಕೊಂಡು.

ಅಕ್ಕಿ ಸುರಿಯಿತು. ಗಿರಣಿಯ ಬೆಲ್ಟು ತಿರುಗಿತು. ಉಜೈರನ ಕೋಣೆಯಲ್ಲಿ ಎಲ್ಲರೂ ಬಲ್ಬಿನತ್ತ ಮುಖ ಎತ್ತಿ ನಿಂತರು.

“ಬಿತ್ತು! ಕರೆಂಟ ಬಿತ್ತು!” ಎಂದು ಉಜೈರ ಚಪ್ಪಾಳೆ ಹೊಡೆದ.

ಮನಿಷಾ ನುಡಿಸಿದಳು. ಸುರ ಏರಿತು, ತುಂಬಿತು, ಒಡೆಯಿತು. ಒಡೆದಲ್ಲಿಂದ ಮತ್ತೆ ಏರಿತು. ಸಿದ್ದಕ್ಕ ಬಾಗಿಲಲ್ಲಿ ಬುಟ್ಟಿ ಮಗುಚಿ ಅದರ ಮೇಲೆ ಕುಳಿತುಬಿಟ್ಟಳು. ಐಶ್ವರ್ಯಾ ಫೋನನ್ನು ಆಂಪಿನ ಮುಂದೆ ಹಿಡಿದಿದ್ದಳು. ಸಾಹೇಬರ ದನಿ ಬಂತು: “ಇದಕ್ಕೆ ಏನು ಜೋಡಿಸಿದ್ದೀರಿ?”

ಐಶ್ವರ್ಯಾ ಸುತ್ತ ಒಮ್ಮೆ ನೋಡಿದಳು. “ಅಕ್ಕಿ, ಸರ್.”

ಕೋಣೆಯೆಲ್ಲ ಗೊಳ್ಳೆಂದಿತು. ಅವಳು ನಗು ತಡೆದುಕೊಂಡು ವೋಲ್ಟೇಜಿನ ಕಥೆ ಹೇಳಿದಳು. ಒಳಗಿನ ಒಂದು ತಂತಿಯನ್ನೂ ಮುಟ್ಟುವುದು ಬೇಡ, ಕರೆಂಟು ಇಳಿಸುವ ತಿರುಗಣಿಯೊಂದನ್ನು ಹೊರಗೆ ಕೂರಿಸಿದರೆ ಸಾಕು ಎಂದಳು. ಆಗಲಿ, ಮುಟ್ಟುವುದಿಲ್ಲ, ಎಂದು ಸಾಹೇಬರು ಎರಡು ಸಲ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಆರಿಫ ಉಜೈರನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

“ಏ ಗಿಟಾರಿನಾಕಿ!” ಗೋಡೆಯಾಚೆಯಿಂದ ಕಾಡವ್ವ ಕೂಗಿದಳು. “ಇನ್ನೊಂದ ಡಬ್ಬಿ ಉಳದೈತಿ. ಹಾಕ್ಲೋ, ಸಾಕೋ?”

“ಹಾಕ್ರಿ ಮಾವಶಿ!” ಎಂದಳು ಮನಿಷಾ, ತಂತಿಯಿಂದ ಬೆರಳು ತೆಗೆಯದೆ.